ಬೀರಪ್ಪ ಮಾರಿದ ಕುರಿಗಳು

ಕೋವಿಡ್ ಗಲಾಟೆ ತಗ್ಗಿ ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ಕಾಲ. ನಾನಾಗ ಚಿತ್ರದುರ್ಗದ ಒಂದು ವೈದ್ಯಕೀಯ ಕಾಲೇಜಿನ ಫ್ಯಾಮಿಲಿ ಮೆಡಿಸಿನ್ ವಿಭಾಗದಲ್ಲಿ ಪ್ರಾಧ್ಯಾಪಕಿಯಾಗಿದ್ದೆ. ಹೃದಯಕ್ಕೊಬ್ಬರು, ಮೂಳೆಗೊಬ್ಬರು ವೈದ್ಯರಿರುವ ಈ ಕಾಲದಲ್ಲಿ ಒಂದು ಮನೆಯ ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರನ್ನೂ ನೋಡುವ ವೈದ್ಯರನ್ನು ತಯಾರು ಮಾಡುವುದು ನಮ್ಮ ವಿಭಾಗದ ಕೆಲಸ. ಬೆಳಿಗ್ಗೆ ಪಾಠ, ಆಮೇಲೆ ರೋಗಿಗಳು, ಉಳಿದ ಹೊತ್ತಿನಲ್ಲಿ ಸಂಶೋಧನೆ. ಈ ಮೂರೂ ಒಂದಕ್ಕೊಂದು ಆಸರೆ ಎಂದು ಹೊಸ ವಿದ್ಯಾರ್ಥಿಗಳಿಗೆ ನಾನು ಪ್ರತಿ ವರ್ಷ ಹೇಳುತ್ತಿದ್ದೆ. ಆ ವರ್ಷ ಮೂರೂ ಸೇರಿ ನನ್ನ ಕೈಕಾಲು ಕಟ್ಟಿದವು.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಸಮೀಪ ನಮ್ಮ ವಿಭಾಗದ್ದೊಂದು ಪುಟ್ಟ ಚಿಕಿತ್ಸಾ ಕೇಂದ್ರವಿತ್ತು. ವಾರಕ್ಕೊಮ್ಮೆ ಕಾಲೇಜಿನ ಜೀಪಿನಲ್ಲಿ ಪಿ.ಜಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಆ ಸಲ ನನ್ನ ಜೊತೆ ಬರುತ್ತಿದ್ದವಳು ಡಾ. ಆಫ್ರೀನ್. ಚಿತ್ರದುರ್ಗದ ಹಳೇ ಪೇಟೆಯಲ್ಲಿ ತಲೆಮಾರುಗಳಿಂದ ತಗಡಿನ ಟ್ರಂಕು ಮಾಡುವ ಮನೆಯ ಹುಡುಗಿ. ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಕುರಿ ಸಾಕುವ ಮನೆಗಳಲ್ಲಿ ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ಬೆನ್ನುನೋವು, ಬೆವರು ಇವನ್ನು ನಾವು ಮೇಲಿಂದ ಮೇಲೆ ನೋಡುತ್ತಿದ್ದೆವು. ಇದು ಬ್ರೂಸೆಲ್ಲೋಸಿಸ್ ಇರಬಹುದೇ ಎನ್ನುವುದೇ ಅವಳ ಥೀಸಿಸ್ಸಿನ ವಿಷಯವಾಯಿತು.

ಈ ಕಾಯಿಲೆ ಕುರಿ, ಮೇಕೆ, ದನಗಳಿಂದ ಮನುಷ್ಯರಿಗೆ ಬರುತ್ತದೆ. ಕುರಿಗಳಲ್ಲಿ ಇದಕ್ಕೆ ನಮ್ಮ ಕಡೆ ಕಂದು ಹಾಕುವ ರೋಗ ಎನ್ನುತ್ತಾರೆ. ಗಬ್ಬದ ಕುರಿ ದಿನ ತುಂಬುವ ಮೊದಲೇ ಸತ್ತ ಮರಿ ಹಾಕುತ್ತದೆ. ಆ ಮರಿಯನ್ನೂ ಮಾಸನ್ನೂ ಬರಿಗೈಯಲ್ಲಿ ಎತ್ತಿ ಹಾಕುವವರಿಗೆ ರೋಗಾಣು ಅಂಟುತ್ತದೆ. ಕೊಲ್ಲುವ ಕಾಯಿಲೆಯಲ್ಲ, ಆದರೆ ವರ್ಷಗಟ್ಟಲೆ ಹಿಂಡುತ್ತದೆ. ಬಸುರಿಯರಿಗೆ ಬಂದರೆ ಗರ್ಭಪಾತದ ಅಪಾಯ ಹೆಚ್ಚು.

ರಕ್ತ ಕೊಡುವವರೆಲ್ಲರಿಗೂ ನಾವು ಒಂದು ಮಾತು ಕೊಟ್ಟಿದ್ದೆವು: ನಿಮ್ಮ ಫಲಿತಾಂಶ ನಿಮಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಕಾಲೇಜಿನ ಎಥಿಕ್ಸ್ ಕಮಿಟಿಯ ಷರತ್ತೂ ಅದೇ ಆಗಿತ್ತು. ಆ ಮಾತಿನ ಮೇಲೆಯೇ ಜನ ತೋಳು ಚಾಚಿದ್ದರು.

ರೇಣುಕಾ ಬಂದದ್ದು ಹಾಗೆ. ಇಪ್ಪತ್ತೈದರ ಆಸುಪಾಸಿನ, ಗಟ್ಟಿಮುಟ್ಟಾದ ಹೆಣ್ಣುಮಗಳು. ಎರಡು ಸಲ ಗರ್ಭ ನಿಂತಿರಲಿಲ್ಲ. ಈಗ ಮೂರನೆಯದು, ನಾಲ್ಕನೇ ತಿಂಗಳು. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಸೊಂಟ ನೋವು. ರಕ್ತದಲ್ಲಿ ಬ್ರೂಸೆಲ್ಲಾ ಇರುವುದು ಖಚಿತವಾಯಿತು. ಫಲಿತಾಂಶ ಹೇಳಲು ಅವಳೊಬ್ಬಳನ್ನೇ ಒಳಗೆ ಕರೆದೆ. ಆಫ್ರೀನ್ ಪಕ್ಕದಲ್ಲಿದ್ದಳು. ಕುರಿಯಿಂದ ಬಂದ ಕಾಯಿಲೆ, ಮಾತ್ರೆಯಿಂದ ವಾಸಿಯಾಗುತ್ತದೆ ಎಂದೆ. ಹಿಂದಿನ ಎರಡು ಗರ್ಭ ಹೋದದ್ದೂ ಇದರಿಂದಲೇ ಇರಬಹುದು, ಆದರೆ ಖಂಡಿತವಾಗಿ ಹೇಳಲಾರೆ ಎಂದೂ ತಿಳಿಸಿದೆ.

ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಬೆಂಚಿನ ಮೇಲೆ ಅತ್ತೆ ಕೆಂಚಮ್ಮ ಕೂತಿದ್ದಳು.

"ಡಾಕ್ಟ್ರಮ್ಮಾರೆ, ಯಾರಿಗೂ ಹೇಳ್ಬ್ಯಾಡ್ರಿ. ನಮ್ಮನೆಯೋರಿಗೂ ಬ್ಯಾಡ."

"ನಿನ್ನ ಗಂಡನಿಗೆ ಗೊತ್ತಾದ್ರೆ ನಿಂಗೇ ಒಳ್ಳೇದಲ್ವೇನಮ್ಮ? ಇದು ನಿನ್ನಿಂದ ಬಂದಿದ್ದಲ್ಲ, ಕುರಿಯಿಂದ ಬಂದಿದ್ದು."

"ಅವ್ರಿಗೆ ಇನ್ನೊಂದು ಮದುವೆ ಮಾಡೋ ಮಾತು ನಡೀತೈತ್ರಿ. ಹೆಣ್ಣೂ ನೋಡವ್ರೆ. ಈಗ ಕಾಯಿಲೆ ಐತೆ ಅಂದ್ರೆ ಅಷ್ಟೇ ಕೇಳಿಸ್ಕಳ್ತಾರೆ. ಎಲ್ಲಿಂದ ಬಂತು ಅನ್ನೋದು ಕೇಳಿಸ್ಕಳಲ್ಲ."

ಸ್ತ್ರೀರೋಗ ತಜ್ಞರೊಂದಿಗೆ ಮಾತಾಡಿ, ಬಸುರಿಯರಿಗೆ ಕೊಡಬಹುದಾದ ಔಷಧಿಗಳನ್ನೇ ಆರಿಸಿ ಚಿಕಿತ್ಸೆ ಶುರು ಮಾಡಿದೆವು. ಅದರಲ್ಲಿ ಮುಖ್ಯವಾದದ್ದು ರಿಫಾಂಪಿಸಿನ್ ಎಂಬ ಕೆಂಪು ಗುಳಿಗೆ. ರಕ್ತ ಹೆಚ್ಚಾಗಲು ಕೊಟ್ಟ ಮಾತ್ರೆ ಎಂದು ಮನೆಯಲ್ಲಿ ಹೇಳುತ್ತೇನೆ ಎಂದಳು ರೇಣುಕಾ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಆಫ್ರೀನ್ ಕೇಳಿದಳು: "ಮ್ಯಾಡಂ, ಆ ಮನೇಲಿ ಇನ್ನೂ ಕುರಿ ಕಂದು ಹಾಕ್ತಿರಬಹುದು. ಅವಳು ಇವತ್ತು ಮಾತ್ರೆ ನುಂಗಿ ನಾಳೆ ಮತ್ತೆ ಅದೇ ಮಾಸು ಎತ್ತಿದ್ರೆ? ಮನೆಯವರೆಲ್ಲ ನಮ್ಮ ಪೇಷಂಟ್ಸೇ ಅಲ್ವಾ? ಒಬ್ಬಳ ಗುಟ್ಟು ಕಾಯೋಕೆ ಉಳಿದವರನ್ನ ಕತ್ತಲಲ್ಲಿ ಇಡೋದು ಸರಿನಾ?"

ಸರಿಯೂ ಅಲ್ಲ, ಬೇರೆ ದಾರಿಯೂ ಇಲ್ಲ ಎಂದು ಹೇಳಿದೆ. ಅವಳು ಒಪ್ಪಲಿಲ್ಲ. ಒಪ್ಪದಿದ್ದದ್ದು ನನಗೆ ಸಮಾಧಾನವನ್ನೇ ತಂದಿತು.

ಊರವರನ್ನೆಲ್ಲ ಸೇರಿಸಿ, ಯಾರ ಹೆಸರೂ ಎತ್ತದೆ, ಒಂದು ಸಭೆ ಮಾಡಿದೆವು. ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟಬೇಕು, ಮಾಸನ್ನು ಸುಣ್ಣ ಹಾಕಿ ಹೂಳಬೇಕು, ಕೈಗೆ ಗ್ಲೌಸ್ ಹಾಕಬೇಕು, ಬಸುರಿಯರು ಕುರಿ ಈಯುವ ಕಡೆ ಹೋಗಲೇಬಾರದು. ರೇಣುಕಾಳ ಮಾವ ಬೀರಪ್ಪ ಮುಂದಿನ ಸಾಲಿನಲ್ಲೇ ಇದ್ದರು. ಅರವತ್ತು ದಾಟಿದ, ಕಂಬಳಿ ಹೆಗಲಿನ, ನೆಟ್ಟ ನೋಟದ ಮನುಷ್ಯ. ಗ್ಲೌಸನ್ನು ಎತ್ತಿ ಮೂಸಿ ನೋಡಿ, "ಈ ವಾಸ್ನೆಗೆ ತಾಯಿ ಕುರಿ ಮರೀನೇ ಹತ್ರ ಸೇರ್ಸಲ್ಲ ಕಣಮ್ಮ" ಎಂದರು. ಜನ ನಕ್ಕರು. ಆದರೂ ಬಸುರಿಯರ ಮಾತನ್ನು ಹೆಂಗಸರು ಗಟ್ಟಿಯಾಗಿ ಹಿಡಿದುಕೊಂಡರು. ಕೆಂಚಮ್ಮ ಸೊಸೆಯನ್ನು ರೊಪ್ಪದ ಕಡೆ, ಅಂದರೆ ಕುರಿ ಕೂಡುವ ಬೇಲಿಯ ಕಡೆ, ಬಿಡುತ್ತಿಲ್ಲ ಎಂದು ತಿಳಿದಾಗ ಅರ್ಧ ಗೆದ್ದೆವು ಅಂದುಕೊಂಡೆ.

ಅದಾದ ಸ್ವಲ್ಪ ದಿನಕ್ಕೆ ನಾವು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಕಡೆ ಹೋಗಿದ್ದೆವು. ಬೆಳೆ ಕೊಯ್ದ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಕುರಿಗಾರರ ರಕ್ತಪರೀಕ್ಷೆ ಅಲ್ಲಿತ್ತು. ಬೆಟ್ಟದ ಕೆಳಗಿನ ಒಂದು ಹೊಲದಲ್ಲಿ ರೇಣುಕಾಳ ಗಂಡ ತಿಪ್ಪೇಶ ಸಿಕ್ಕಿದ. ತಾನಾಗಿಯೇ ಬಂದು ಕೂತ. ತಿಂಗಳುಗಳಿಂದ ಜ್ವರ, ಬೆನ್ನು ಬಗ್ಗಿಸಲಾಗದ ನೋವು, ಒಂದು ಕಡೆ ವೃಷಣದ ಊತ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡದೆ ಕುರಿಗಳ ಕಡೆ ನೋಡುತ್ತಿದ್ದ. ಫಲಿತಾಂಶ ಹೆಂಡತಿಯದಕ್ಕಿಂತ ಜೋರಾಗಿತ್ತು.

"ರೇಣುಕಂಗೆ ಹೇಳ್ಬ್ಯಾಡ್ರಿ ಮೇಡಂ. ಎರಡು ಸಲ ಹೊಟ್ಟೆ ಹೋಗಿದ್ದು ನನ್ನಿಂದ್ಲೇ ಅಂದ್ಕಂಡ್ರೆ ನಾನ್ ಅವಳ ಮುಖ ಹೆಂಗ್ ನೋಡ್ಲಿ? ಅಪ್ಪಂಗೂ ಬ್ಯಾಡ. ಈ ವಯಸ್ಸಲ್ಲಿ ಅವ್ರೇ ಮಂದೆ ಹಿಂದೆ ಹೊರಟುಬಿಡ್ತಾರೆ."

ಹೀಗೆ ಒಂದೇ ಮನೆಯ ಇಬ್ಬರ ಗುಟ್ಟು ನನ್ನ ಹತ್ತಿರ ಸೇರಿತು. ಅವನಿಗೆ ಕೊಟ್ಟ ಔಷಧಿಯಲ್ಲೂ ಆ ಕೆಂಪು ಗುಳಿಗೆ ಇತ್ತು. ಗಂಡ ಹೆಂಡತಿ ಒಬ್ಬರಿಗೊಬ್ಬರು ಹೆದರಿಕೊಂಡು, ಒಂದೇ ಕಾಯಿಲೆಗೆ ಒಂದೇ ಗುಳಿಗೆಯನ್ನು ಕದ್ದು ನುಂಗುತ್ತಿದ್ದಾರೆ. ಒಂದು ಮಾತು ಆಡಿದರೆ ಇಬ್ಬರ ಭಯವೂ ಹೋಗುತ್ತದೆ. ಆ ಒಂದು ಮಾತನ್ನು ಆಡುವ ಹಕ್ಕು ನನಗಿಲ್ಲ. ತಿಪ್ಪೇಶನಿಗೆ ನಾನು ಹೇಳಲು ಸಾಧ್ಯವಾದದ್ದು ಇಷ್ಟೇ: "ನೀನೇ ಮನೇಲಿ ಹೇಳು. ಹೇಳಿದ್ರೆ ಕೆಡೋದೇನೂ ಇಲ್ಲ." ರೇಣುಕಾಳಿಗೂ ಹೋದಾಗಲೆಲ್ಲ ಅದನ್ನೇ ಹೇಳಿದೆ. ಇಬ್ಬರೂ ತಲೆಯಾಡಿಸಿದರು, ಇಬ್ಬರೂ ಹೇಳಲಿಲ್ಲ. ಕ್ಲಾಸಿನಲ್ಲಿ ರೋಗಿಯ ಗೌಪ್ಯತೆಯ ಪಾಠ ಮಾಡುವಾಗ ಆಫ್ರೀನ್ ಹಿಂದಿನ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ನನ್ನ ದನಿ ನನಗೇ ಪೊಳ್ಳಾಗಿ ಕೇಳುತ್ತಿತ್ತು.

ಗುಟ್ಟು ಒಡೆದದ್ದು ನಮ್ಮಿಂದಲ್ಲ. ತಿಪ್ಪೇಶ ಊರಿಗೆ ಬಂದಿದ್ದ ಒಂದು ಮಧ್ಯಾಹ್ನ ಕೆಂಚಮ್ಮನಿಗೆ ಸೊಸೆಯ ಟ್ರಂಕಿನಲ್ಲಿ ಕೆಂಪು ಗುಳಿಗೆಗಳು ಸಿಕ್ಕವು. ಕೆಂಚಮ್ಮನ ಅಣ್ಣ ಹಿಂದೆ ಕ್ಷಯಕ್ಕೆ ಅದೇ ಗುಳಿಗೆ ತಿಂದಿದ್ದನಂತೆ. ರಿಫಾಂಪಿಸಿನ್ ಕ್ಷಯಕ್ಕೂ ಕೊಡುವ ಔಷಧಿಯೇ.

"ಟೀಬಿ ಮುಚ್ಚಿಟ್ಕಂಡು ನಮ್ಮನೆ ಸೇರವ್ಳೆ! ಅದಕ್ಕೇ ಹೊಟ್ಟೆ ನಿಂತಿಲ್ಲ!" ಎಂದು ಅಂಗಳದಲ್ಲಿ ಕೂಗಾಡಿದಳಂತೆ. ರೇಣುಕಾ ಗೋಡೆಗೆ ಆತು ಕೂತುಬಿಟ್ಟಳು. ತಿಪ್ಪೇಶ ಆ ಗುಳಿಗೆ ನೋಡಿದ, ಹೆಂಡತಿಯ ಮುಖ ನೋಡಿದ. ಕಂಬಳಿ ಗಂಟು ಬಿಚ್ಚಿ ತನ್ನ ಗುಳಿಗೆಗಳನ್ನು ಅವ್ವನ ಮುಂದೆ ಇಟ್ಟ.

"ಅವಳು ನುಂಗೋದನ್ನೇ ನಾನೂ ನುಂಗ್ತಿದೀನಿ ಕಣವ್ವ. ಟೀಬಿ ಅಲ್ಲ ಇದು. ನಮ್ ಕುರೀದು."

ಇದನ್ನು ನನಗೆ ಆಮೇಲೆ ಹೇಳಿದವಳು ರೇಣುಕಾ. ಹೇಳುವಾಗ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬರುತ್ತಿದ್ದವು. ಮಾರನೇ ವಾರ ಆ ಮನೆಯವರು ನಾಲ್ಕೂ ಜನ ಮೊದಲ ಬಾರಿಗೆ ಒಟ್ಟಿಗೆ ನಮ್ಮ ಕೇಂದ್ರಕ್ಕೆ ಬಂದರು. ಅವರ ಒಪ್ಪಿಗೆ ಪಡೆದು ಎಲ್ಲವನ್ನೂ ಬಿಡಿಸಿ ಹೇಳಿದೆ. ಕೆಂಚಮ್ಮ ಕೊನೆಗೆ ಒಂದೇ ಮಾತು ಕೇಳಿದಳು: "ನಂಗೂ ಮೂರು ಹೋದ್ವು, ತಿಪ್ಪೇಶ ಹುಟ್ಟೋ ಮುಂಚೆ. ಅವೂ ಇದರಿಂದ್ಲೇ ಏನ್ರಿ?" ಈಗ ಹೇಳಲಾಗದು ಎಂದೆ. ಅವಳು ಸೊಸೆಯ ಕಡೆ ನೋಡದೆ, ಅವಳ ಸೆರಗಿನ ತುದಿಗೆ ಅಂಟಿದ್ದ ಹುಲ್ಲನ್ನು ತೆಗೆಯುತ್ತಾ ಕೂತಳು. ಎರಡನೇ ಮದುವೆಯ ಮಾತು ಅಲ್ಲಿಗೆ ನಿಂತಿತು.

ಪಶುವೈದ್ಯರೊಬ್ಬರನ್ನು ಕರೆಸಿ ಕುರಿಗಳ ರಕ್ತ ಪರೀಕ್ಷೆ ಮಾಡಿಸಿದೆವು. ಮಂದೆಯ ಕೆಲವು ಹೆಣ್ಣುಕುರಿಗಳಲ್ಲಿ ರೋಗವಿತ್ತು. ಅವನ್ನು ಉಳಿದವುಗಳಿಂದ ತೆಗೆಯಬೇಕು, ಯಾರಿಗೂ ಮಾರಬಾರದು, ಕೊಂದು ಹೂಳುವುದೇ ಸರಿ ಎಂದು ಅವರು ಬೀರಪ್ಪನವರಿಗೆ ಎರಡೆರಡು ಸಲ ಹೇಳಿದರು. ನಾನೂ ಹೇಳಿದೆ. ಬೀರಪ್ಪ ರೊಪ್ಪದ ಬೇಲಿಗೆ ಕೈಯಿಟ್ಟುಕೊಂಡು "ಆಯ್ತು" ಎಂದರು. ಆ ವಾರ ಕಾಲೇಜಿನ ವಿಭಾಗೀಯ ಸಭೆಯಲ್ಲಿ ಆಫ್ರೀನ್ ಈ ಮನೆಯ ಪ್ರಕರಣವನ್ನು ಹೆಸರಿಲ್ಲದೆ ಮಂಡಿಸಿದಳು. ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಸಂಶೋಧನೆ, ಪಾಠ, ಚಿಕಿತ್ಸೆ ಮೂರೂ ಕೂಡಿ ಬಂದ ಉದಾಹರಣೆ ಎಂದರು ಪ್ರಿನ್ಸಿಪಾಲರು.

ಎರಡು ತಿಂಗಳ ನಂತರ ಮರುಪರೀಕ್ಷೆಗೆ ಹೋದೆವು. ತಿಪ್ಪೇಶನ ಬೆನ್ನು ನೆಟ್ಟಗಾಗಿತ್ತು. ರೇಣುಕಾಳ ಜ್ವರ ಬಿಟ್ಟಿತ್ತು, ಹೊಟ್ಟೆಯಲ್ಲಿ ಮಗು ಚೆನ್ನಾಗಿ ಬೆಳೆದಿತ್ತು. ಪಶುವೈದ್ಯರು ರೊಪ್ಪಕ್ಕೆ ಹೋಗಿ ಬಂದು ನನ್ನ ಕಿವಿಯ ಹತ್ತಿರ, "ಮೇಡಂ, ರೋಗದ ಕುರಿ ಒಂದೂ ಇಲ್ಲ" ಎಂದರು. ಹೂಳಿದ ಗುರುತೂ ಎಲ್ಲಿಯೂ ಇರಲಿಲ್ಲ.

ಜಗುಲಿಯ ಮೇಲೆ ಕೂತಿದ್ದ ಬೀರಪ್ಪನವರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಮಾರ್ದೆ."

"ಮಾರಬಾರದು ಅಂತ ಹೇಳಿದ್ವಲ್ಲ ಬೀರಪ್ಪನೋರೇ?"

"ಮಂದೇಲಿ ಇಟ್ಕಬ್ಯಾಡ ಅಂದ್ರಿ. ಸೊಸೆ ಉಳೀಬೇಕು ಅಂತ ಇಟ್ಕಳ್ಳಿಲ್ಲ. ಹೂಳು ಅಂದ್ರಿ. ಮರಿ ಇದ್ದಾಗಿಂದ ಎತ್ತಿ ಆಡ್ಸಿದ್ದು ಅವು. ನನ್ ಕೈ ಬರ್ಲಿಲ್ಲ."

"ಯಾರಿಗೆ ಮಾರಿದ್ರಿ?"

ಅವರು ತಲೆ ಎತ್ತಿ ನೋಡಿದರು. "ಅದನ್ನ ಹೇಳಲ್ಲ ಕಣಮ್ಮ. ಊರಲ್ಲಿ ಗೊತ್ತಾದ್ರೆ ನಾಳೆ ನನ್ ಹತ್ರ ಒಂದು ಮರೀನೂ ಯಾರೂ ಕೊಳ್ಳಲ್ಲ. ಈ ಮನೇದು ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರಿ ನೀವು."

ರೇಣುಕಾಳನ್ನು ಕಾಪಾಡಿದ್ದ ಮಾತು ಅದು. ಈಗ ಅದೇ ಮಾತಿನ ಹಿಂದೆ ಬೀರಪ್ಪ ಕೂತಿದ್ದರು. ಆಫ್ರೀನ್ ತಡೆದುಕೊಳ್ಳಲಿಲ್ಲ. "ಅಜ್ಜ, ಇನ್ನೊಂದು ಮನೆಗೆ ಕಾಯಿಲೆ ಕಳಿಸಿದೀರಿ ನೀವು" ಎಂದಳು. ನಾನು ಅವಳ ಕೈ ಹಿಡಿದೆ. ಬೀರಪ್ಪನವರೂ ನನ್ನ ರೋಗಿ. ಅವರ ರಕ್ತದೊತ್ತಡವನ್ನು ನಾನೇ ನೋಡುತ್ತಿದ್ದೆ. ಗದರಿಸಿದರೆ ಬಾಗಿಲು ಮುಚ್ಚುತ್ತದೆ. ಸುಮ್ಮನಿದ್ದರೆ ಆ ಕುರಿಗಳು ಎಲ್ಲೋ ಒಂದು ಮನೆಯಲ್ಲಿ ಕಂದು ಹಾಕುತ್ತಿರುತ್ತವೆ. ಅಷ್ಟರಲ್ಲಿ ಒಳಗಿನಿಂದ ರೇಣುಕಾ ಬಂದಳು. ಅವಳು ಮಾವನ ಎದುರು ನಿಂತು ಮಾತಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಮಾವ, ಆ ಮನೇಲೂ ಒಬ್ಳು ಸೊಸೆ ಇದ್ದಾಳು. ಅವಳೂ ಆ ಕುರಿ ಮರಿ ಹಿಡೀತಾಳೆ. ಅವಳ ಹೊಟ್ಟೆ ನಿಲ್ದೇ ಹೋದ್ರೆ ಆ ಮನೆಯೋರು ಏನಂತಾರೆ? ನಂಗೆ ಏನಂದ್ರೋ ಅದನ್ನೇ ಅಂತಾರೆ. ಅವಳ ಗಂಡಂಗೂ ಹೆಣ್ಣು ನೋಡ್ತಾರೆ."

ಬಾಗಿಲಲ್ಲಿ ನಿಂತಿದ್ದ ಕೆಂಚಮ್ಮ ಗಂಡನಿಗೆ, "ಎದ್ದೇಳು. ಹೋಗಿ ಹೇಳಿ ಬಾ" ಎಂದಳು.

ಬೀರಪ್ಪ ಕಂಬಳಿ ಕೊಡವಿ ಎದ್ದು, "ಹಿರಿಯೂರು ಕಡೇನೋರು. ನಡೀರಿ, ಹೋಗಾಣ" ಎಂದರು.

ನಾವು ಹೊರಟದ್ದು ಮಾರನೇ ಬೆಳಿಗ್ಗೆ. ದಾರಿಯುದ್ದಕ್ಕೂ ಬೀರಪ್ಪ ಕಿಟಕಿಯ ಆಚೆಯೇ ನೋಡುತ್ತಿದ್ದರು. ಹಿರಿಯೂರು ದಾಟಿ ಒಳದಾರಿಯಲ್ಲಿ ಒಂದು ಸಣ್ಣ ಹಟ್ಟಿ. ಕೊಂಡವನ ಹೆಸರು ರಂಗಸ್ವಾಮಿ. ಒಂದೆರಡು ವರ್ಷದಿಂದಷ್ಟೇ ಕುರಿ ಸಾಕಲು ಶುರು ಮಾಡಿದ್ದ ಯುವಕ. ಬೀರಪ್ಪನವರನ್ನು ಕಂಡು ಸಂತೋಷದಿಂದಲೇ, "ಬರ್ರಿ ಯಜಮಾನ್ರೇ, ಕುಂತ್ಕಳ್ರಿ" ಎಂದ. ಪುಣ್ಯಕ್ಕೆ ಆ ಮನೆಯಲ್ಲಿ ಬಸುರಿಯರು ಯಾರೂ ಇರಲಿಲ್ಲ. ಆದರೆ ಪಡಸಾಲೆಯಲ್ಲಿ ಅವನ ತಾಯಿ ನಿಂಗಕ್ಕ ಮಲಗಿದ್ದಳು. ಸಂಜೆ ಸಂಜೆ ಜ್ವರ. ಎಡಗಾಲು ಊರಲು ಬರುತ್ತಿರಲಿಲ್ಲ. ಟೈಫಾಯ್ಡ್ ಎಂದು ಒಬ್ಬರು, ವಯಸ್ಸಿನ ಕೀಲುನೋವು ಎಂದು ಇನ್ನೊಬ್ಬರು ಔಷಧಿ ಕೊಟ್ಟಿದ್ದರು. ಹೊಸ ಕುರಿಗಳಲ್ಲಿ ಎರಡು ಕಂದು ಹಾಕಿದಾಗ ಆಕೆಯೇ ಎಲ್ಲ ಬಳಿದು ಎತ್ತಿ ಹಾಕಿದ್ದಳು.

ನಾನು ಮಾತಾಡುವ ಮೊದಲು ಬೀರಪ್ಪನವರೇ ಹೇಳಿದರು. "ನಾನ್ ಕೊಟ್ಟ ಕುರಿಗೆ ರೋಗ ಐತಪ್ಪ. ನಿಮ್ ತಾಯಿಗೆ ಬಂದಿರೋದು ಅದೇ ಇರ್ಬೇಕು."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ರಂಗಸ್ವಾಮಿ ಅವರ ಎದೆಯ ಮೇಲಿನ ಅಂಗಿಯನ್ನು ಹಿಡಿದ. ಬೀರಪ್ಪ ಕೈ ಎತ್ತಲಿಲ್ಲ, ಹಿಂದೆ ಸರಿಯಲೂ ಇಲ್ಲ. ನಮ್ಮ ಜೀಪಿನ ಡ್ರೈವರ್ ಮಧ್ಯೆ ಹೋಗಿ ಬಿಡಿಸಿದ. ಆಫ್ರೀನ್ ಆ ಹೊತ್ತಿಗಾಗಲೇ ನಿಂಗಕ್ಕನ ಪಕ್ಕ ನೆಲದ ಮೇಲೆ ಕೂತು, ಕಾಲನ್ನು ಮೆಲ್ಲಗೆ ಎತ್ತಿ ನೋಡಿ, ಯಾವಾಗಿಂದ ನೋವು ಎಂದು ಕೇಳುತ್ತಿದ್ದಳು.

ಆ ದಿನವೇ ನಿಂಗಕ್ಕನನ್ನು ದುರ್ಗಕ್ಕೆ ಕರೆತಂದು ಸೇರಿಸಿದೆವು. ರೋಗ ಸೊಂಟದ ಕೀಲಿಗೆ ಇಳಿದಿತ್ತು. ಕುರಿಗಳನ್ನು ಪಶುವೈದ್ಯರ ಮುಂದೆ ಕೊಂದು ಹೂಳಲಾಯಿತು. ಗುಂಡಿ ತೋಡಿದವರು ರಂಗಸ್ವಾಮಿ ಮತ್ತು ಬೀರಪ್ಪ. ಬದಲಿಗೆ ತನ್ನ ಮಂದೆಯ ಒಳ್ಳೆಯ ಕುರಿಗಳನ್ನು, ಪರೀಕ್ಷೆ ಮಾಡಿಸಿಯೇ, ಬೀರಪ್ಪ ಆ ಮನೆಗೆ ಕೊಟ್ಟರು. ರಂಗಸ್ವಾಮಿ ತೆಗೆದುಕೊಂಡ, ಮಾತು ಮಾತ್ರ ಆಡಲಿಲ್ಲ.

ಕೆಲವು ವಾರಗಳಿಗೆ ರೇಣುಕಾಳಿಗೆ ಹೆಣ್ಣು ಮಗು ಹುಟ್ಟಿತು. ದಿನಕ್ಕೆ ಸ್ವಲ್ಪ ಮುಂಚೆ, ತೂಕ ಕಡಿಮೆ. ಮಕ್ಕಳ ವಾರ್ಡಿನಲ್ಲಿ ಹತ್ತಾರು ದಿನ ಇಟ್ಟುಕೊಂಡು ಕಳಿಸಿದರು. ನಿಂಗಕ್ಕನ ಜ್ವರ ವಾಸಿಯಾಯಿತು. ಆದರೆ ಕೀಲು ಸವೆದು ಹೋಗಿತ್ತು. ಕೋಲಿಲ್ಲದೆ ನಡೆಯಲು ಆಕೆಗೆ ಮತ್ತೆ ಆಗಲಿಲ್ಲ. ಕೆಲವೇ ವಾರ ಮುಂಚೆ ಬಂದಿದ್ದರೆ ಉಳಿಸಬಹುದಿತ್ತೇನೋ ಎಂದು ಮೂಳೆ ವೈದ್ಯರು ಹೇಳಿದಾಗ ಆಫ್ರೀನ್ ವಾರ್ಡಿನಿಂದ ಎದ್ದು ಹೊರಗೆ ಹೋದಳು.

ಥೀಸಿಸ್ ಬರೆಯುವಾಗ ಅವಳು ನನ್ನ ಕೋಣೆಗೆ ಬಂದು ಕೇಳಿದಳು: "ನಿಂಗಕ್ಕ ನಮ್ಮ ಅಧ್ಯಯನದ ಹಳ್ಳಿಯವರಲ್ಲ ಮ್ಯಾಡಂ. ಲೆಕ್ಕಕ್ಕೆ ಬರಲ್ಲ. ಆದ್ರೆ ಅವರನ್ನ ಬಿಟ್ಟು ಬರೆದ್ರೆ ನಾವು ಗೆದ್ದ ಹಾಗೆ ಕಾಣುತ್ತೆ."

"ಬಿಡಬೇಡ. ನಡೆದದ್ದನ್ನ ನಡೆದ ಹಾಗೆ ಬರಿ," ಎಂದೆ. ಹೆಸರು, ಊರು ಮರೆಸಿ, ಕುಟುಂಬದವರ ಒಪ್ಪಿಗೆ ಕೇಳಿ ಬರೆದಳು. ಒಪ್ಪಿಗೆ ಕೇಳಲು ಹೋದಾಗ ರಂಗಸ್ವಾಮಿ, "ಬರ್ಕಳ್ರಿ. ಇನ್ನೊಬ್ರ ಮನೆಗಾದ್ರೂ ಬರ್ದಿರ್ಲಿ," ಎಂದನಂತೆ.

ಪರೀಕ್ಷಕರು ಆ ಭಾಗ ವೈಜ್ಞಾನಿಕವಲ್ಲ ಎಂದು ಆಕ್ಷೇಪಿಸಿದರು. ಅವಳು ಪಟ್ಟು ಬಿಡಲಿಲ್ಲ. ಕೊನೆಗೆ ಅದು ಅನುಬಂಧವಾಗಿ ಉಳಿಯಿತು. ಈಗ ಅವಳೂ ಪಾಠ ಮಾಡುತ್ತಾಳೆ. ಆಮೇಲಿನ ವರ್ಷಗಳಲ್ಲಿ ನಾವು ಪಶುವೈದ್ಯರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಂಡೆವು. ಒಪ್ಪಿಗೆ ಪಡೆಯುವಾಗಲೇ, ಗುಟ್ಟು ಕಾಯುತ್ತೇವೆ, ಆದರೆ ಬೇರೆ ಮನೆಗೆ ಅಪಾಯವಾಗುವಂತಿದ್ದರೆ ಅಷ್ಟನ್ನು ಮಾತ್ರ ಹೇಳಲೇಬೇಕಾಗುತ್ತದೆ ಎಂದು ಬಾಯಿಬಿಟ್ಟು ತಿಳಿಸತೊಡಗಿದೆವು. ಹಾಗೆಂದಾಗ ಕೆಲವರು ರಕ್ತ ಕೊಡದೆ ಎದ್ದು ಹೋದರು. ಹೋಗಲಿ ಎಂದು ಬಿಟ್ಟೆವು.

ಫ್ಯಾಮಿಲಿ ಡಾಕ್ಟರ್ ಎಂದರೆ ಒಂದು ಮನೆಯ ಡಾಕ್ಟರ್ ಎಂದು ನಾನು ತಿಳಿದಿದ್ದೆ. ಆದರೆ ಒಂದು ಮನೆಯಿಂದ ನಾವು ಹೊರಗೆ ಹಾಕಿಸಿದ ಕಾಯಿಲೆ ಗಾಳಿಯಲ್ಲಿ ಕರಗುವುದಿಲ್ಲ. ಅದು ಇನ್ನೊಂದು ಬಾಗಿಲನ್ನು ಹುಡುಕಿಕೊಂಡು ಹೋಗುತ್ತದೆ. ಆ ಬಾಗಿಲು ಯಾರದೆಂದು ಕೇಳುವುದೂ ನಮ್ಮ ವೃತ್ತಿಯೇ. ಕೇಳಿದರೆ ಉತ್ತರ ಸಿಗುತ್ತದೆಂದಲ್ಲ. ನನಗೆ ಉತ್ತರ ಸಿಕ್ಕಿದ್ದು ಒಬ್ಬ ಬಸುರಿ ಹೆಣ್ಣುಮಗಳ ಧೈರ್ಯದಿಂದ, ಅದೂ ತಡವಾಗಿ.

ನಿಂಗಕ್ಕ ಪರೀಕ್ಷೆಗೆ ಬಂದಾಗಲೆಲ್ಲ ಬೀರಪ್ಪ ಮಾಡದಕೆರೆಯಿಂದ ಬಸ್ಸು ಹಿಡಿದು ದುರ್ಗಕ್ಕೆ ಬರುತ್ತಿದ್ದರು. ಚೀಟಿ ಮಾಡಿಸುವುದು, ಔಷಧಿ ತರುವುದು ಅವರದೇ ಕೆಲಸ. ಆಕೆ ಅವರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಓ.ಪಿ.ಡಿ. ಬೆಂಚಿನ ಮೇಲೆ, ಮುಖ ಬೇರೆ ಕಡೆ ತಿರುಗಿಸಿಕೊಂಡೇ, ಆಕೆ ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಕೂಸು ಹೆಂಗೈತೆ?"

"ಚೆನ್ನಾಗೈತೆ ಕಣಕ್ಕ. ಬೋರಲು ಬೀಳ್ತೈತೆ."

ಹೆಸರು ಕೂಗಿದಾಗ ನಿಂಗಕ್ಕ ಕೋಲೂರಿ ಏಳಲು ಹೋಗಿ ತಡವರಿಸಿದಳು. ಬೀರಪ್ಪ ಕೈ ಚಾಚಿದರು. ಆಕೆ ಆ ಕೈ ಹಿಡಿಯದೆ, ಬೆಂಚಿನ ಅಂಚನ್ನು ಹಿಡಿದುಕೊಂಡೇ ಎದ್ದು ನನ್ನ ಕೋಣೆಯೊಳಗೆ ಬಂದಳು.